ನಾಲ್ಕನೆಯ ಮಾರ್ಕರ್ ಆಗಿ ಬಯೋಟಿನ್: ನನ್ನ ಅನುಭವ

ಆಸ್ಪರ್ಜಿಲಸ್ ನಿಡುಲನ್ಸ್ ಎಂಬ ಶಿಲೀಂಧ್ರಕ್ಕೆ ಹೊಸ ಡಿಎನ್‌ಎ ಸೇರಿಸಿದಾಗ, ಅದನ್ನು ಪಡೆದ ಕೋಶ ಮಾತ್ರ ಬೆಳೆಯುವಂತೆ ಮಾಡುವ ಜೀನೇ ಮಾರ್ಕರ್. ಪೈರ್‌ಜಿ, ಪೈರೊಎ, ರೈಬೊಬಿ ಎಂಬ ರೂಢಿಯ ಮಾರ್ಕರ್ ಮೂರೂ ಖರ್ಚಾದ ಮೇಲೆ ಬಯೋಟಿನ್ ಎಂಬ ವಿಟಮಿನ್ ಬಳಸುತ್ತೇನೆ ಅಂದರೆ ಬರುವ ಮಾತು ಒಂದೇ: "ಅದು ನ್ಯಾನೊಗ್ರಾಂ ಇದ್ದರೂ ಸಾಕು, ಪ್ಲೇಟ್ ತುಂಬ ಕಸ ಬೆಳೆಯುತ್ತದೆ." ಬೆಳೆಯುತ್ತದೆ, ನಿಜ. ಆ ನ್ಯಾನೊಗ್ರಾಂ ಬರುವ ದಾರಿಗಳನ್ನು ಮುಚ್ಚಿದ ಮೇಲೆ ನನ್ನ ಡಿಎನ್‌ಎ ಇಲ್ಲದ ಪ್ಲೇಟ್ 37 ಡಿಗ್ರಿಯಲ್ಲಿ ಮೂರು ದಿನ ಇಟ್ಟರೂ ಬೋಳಾಗಿಯೇ ಇರುತ್ತದೆ.

ತಳಿಯಲ್ಲಿ ಎನ್‌ಕುಎ (ಡಿಎನ್‌ಎ ಎಲ್ಲೆಂದರಲ್ಲಿ ಸೇರಲು ಬಿಡುವ ಜೀನ್) ಇರಬಾರದು; ಬಯೋಟಿನ್ ತಯಾರಿಸುವ ಬಯೋಡಿಎ ಜೀನನ್ನು ಪೂರ್ತಿ ತೆಗೆದಿರಬೇಕು. ಮಾರ್ಕರ್‌ಗೆ ಆಸ್ಪರ್ಜಿಲಸ್ ಫ್ಯುಮಿಗೇಟಸ್‌ನ ಬಯೋಡಿಎ, ಅದರದೇ ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಭಾಗ) ಸಮೇತ. ಎರಡೂ ಬದಿಗೆ ಸುಮಾರು ಒಂದು ಕಿಲೋಬೇಸ್ ಫ್ಲ್ಯಾಂಕ್, ಅಂದರೆ ಸೇರಬೇಕಾದ ಜಾಗದ ಅಕ್ಕಪಕ್ಕದ್ದೇ ಡಿಎನ್‌ಎ.

ಮೊದಲ ಕಳ್ಳ ಸುಕ್ರೋಸ್, ಪ್ರೋಟೊಪ್ಲಾಸ್ಟ್ (ಗೋಡೆ ತೆಗೆದ ಕೋಶ) ಒಡೆಯದಂತೆ ಮೀಡಿಯಕ್ಕೆ ಹಾಕುವ ಸಕ್ಕರೆ. ಒಂದು ಮೋಲಾರ್ ಅಂದರೆ ಲೀಟರಿಗೆ 342 ಗ್ರಾಂ. ಅಷ್ಟು ಸಕ್ಕರೆಯೊಂದಿಗೆ ಬಯೋಟಿನ್ ಲೇಶ ಬರದೆ ಇರುತ್ತದೆಯೇ? ದುಬಾರಿ ದರ್ಜೆಯ ಸುಕ್ರೋಸ್ ಕೊಳ್ಳುವುದು ದಂಡ. 0.6 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ, ಲೀಟರಿಗೆ 45 ಗ್ರಾಂ, ಅಗ್ಗದ ಉಪ್ಪು. ಎರಡನೆಯ ಕಳ್ಳ ಅಗಾರ್. ಅದನ್ನು ಡಿಸ್ಟಿಲ್ಡ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ಬದಲಿಸುತ್ತಾ ತೊಳೆಯಿರಿ. ಅಗರೋಸ್ (ಅಗಾರಿನ ಶುದ್ಧ ರೂಪ) ಮೇಲಿನ ಪದರಕ್ಕೆ ಮಾತ್ರ. ಇಡೀ ಪ್ಲೇಟಿಗೆ ಸುರಿದರೆ ಜೇಬು ಖಾಲಿ.

ಇಷ್ಟಾದರೂ ಉಳಿಯುವ ಬಯೋಟಿನ್ ಹಿಡಿಯಲು ಮೊಟ್ಟೆಯ ಬಿಳಿಯ ಪ್ರೋಟೀನ್ ಅವಿಡಿನ್. ಒಂದು ಮಿಲಿಗ್ರಾಂ ಅವಿಡಿನ್ 10ರಿಂದ 15 ಮೈಕ್ರೊಗ್ರಾಂ ಬಯೋಟಿನ್ ಕಟ್ಟಿಹಾಕುತ್ತದೆ, ಆದ್ದರಿಂದ ಲೀಟರಿಗೆ 0.2 ಮಿಲಿಗ್ರಾಂ ಸಾಕು. 10 ಮಿಲಿಗ್ರಾಂ ಸೀಸೆ 50 ಲೀಟರಿಗೆ ಬರುತ್ತದೆ. ಆಟೊಕ್ಲೇವ್ ಮಾಡಿದರೆ ಕೆಡುತ್ತದೆ. ಫಿಲ್ಟರ್ ಮಾಡಿ, ಮೀಡಿಯ 50 ಡಿಗ್ರಿಗೆ ಇಳಿದಾಗ ಸೇರಿಸಿ. ಇನ್ನೊಂದು ಲಾಭವೂ ಇದೆ: ಗೆದ್ದ ಕಾಲೊನಿ ಹೊರಗೆ ಸೋರಿಸುವ ಬಯೋಟಿನ್ನನ್ನೂ ಅವಿಡಿನ್ ಹಿಡಿಯುವುದರಿಂದ ಸುತ್ತ ಪುಂಡ ಕಾಲೊನಿಗಳು ಏಳುವುದಿಲ್ಲ. ಒಳಗೇ ತಯಾರಾಗುವ ಬಯೋಟಿನ್‌ಗೆ ಅದು ಕೈ ಹಾಕಲಾರದು. ಅವಿಡಿನ್ ಪ್ಲೇಟಿಗೇ 20 ಮೈಕ್ರೊಗ್ರಾಂ ಬಯೋಟಿನ್ ಹಾಕಿದ ಒಂದು ಕಂಟ್ರೋಲ್ ಇರಲಿ. ಅಲ್ಲಿ ಬೆಳೆಯದಿದ್ದರೆ ತಪ್ಪು ಪ್ರೋಟೊಪ್ಲಾಸ್ಟ್‌ನದು.

ಮೂರನೆಯ ದಾರಿ ಬೀಜಕದ ಹೊಟ್ಟೆ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಉಂಡು ಬಂದ ಬೀಜಕ ಬಯೋಟಿನ್ ಇಲ್ಲದೆಯೂ ಮೊಳೆತು, ಗಾಜಿನಂಥ ತೆಳು ಬಲೆ ಹರಡುತ್ತದೆ, ಹಸಿರಿಗೆ ತಿರುಗುವುದಿಲ್ಲ. ನಿಜವಾದ ಟ್ರಾನ್ಸ್‌ಫಾರ್ಮೆಂಟ್ (ಹೊಸ ಡಿಎನ್‌ಎ ಪಡೆದ ಕಾಲೊನಿ) ದಟ್ಟ, ನಡುವೆ ಹಸಿರು, ಅಂಚು ಬಿಳಿ. ಬೀಜಕವನ್ನು ಅರೆಹೊಟ್ಟೆಯ, ಅಂದರೆ ಬಯೋಟಿನ್ ಕಡಿಮೆ ಇರುವ, ಪ್ಲೇಟಿನಲ್ಲೇ ಬೆಳೆಸಿ. ಎಷ್ಟು ಅರೆ ಎಂಬುದನ್ನು ನಾನು ಹೇಳುವುದಿಲ್ಲ, ನಿಮ್ಮ ತಳಿಗೆ ನೀವೇ ಅಳೆದುಕೊಳ್ಳಿ.

ಬೀಜಕಕ್ಕೆ ಒಂದೇ ನ್ಯೂಕ್ಲಿಯಸ್, ಹಾಗಾಗಿ ಅವಿಡಿನ್ ಪ್ಲೇಟಿನಲ್ಲಿ ಎರಡು ಬಾರಿ ಗೆರೆ ಎಳೆದರೆ ಶುದ್ಧ. ಮಾರ್ಕರ್ ಸರಿಯಾದ ಜಾಗಕ್ಕೆ ಸೇರಿದೆಯೇ ಎಂದು ಪಿಸಿಆರ್ ಎರಡೂ ಅಂಚಿಗೆ ಮಾಡಿ. ಒಂದೇ ಅಂಚು ಬಂತೆಂದು ಕುಣಿಯಬೇಡಿ.

ಇದೇ ಪ್ಲೇಟಿನಲ್ಲಿ ಬಯೋಟಿನ್ ತಯಾರಿಸುವ ಇನ್ನೊಂದು ಎನ್‌ಜೈಮ್ ಬಯೋಎಫ್‌ನ ತುದಿಯ ಮೂರು ಅಮೈನೊ ಆಮ್ಲ ಕತ್ತರಿಸಿಯೂ ನೋಡಿದೆ. ಅವು ಎನ್‌ಜೈಮನ್ನು ಪೆರಾಕ್ಸಿಸೋಮ್ ಎಂಬ ಕೋಶದೊಳಗಿನ ಚೀಲಕ್ಕೆ ಕಳಿಸುವ ವಿಳಾಸ. ವಿಳಾಸ ಹೋದರೆ ತಳಿಗೆ ಬಯೋಟಿನ್ ಬೇಕು. ಬಯೋಟಿನ್ ಆಗುವ ಮುಂಚಿನ ಕೊನೆಯ ಹಂತವಾದ ಡೆಸ್ತಯೋಬಯೋಟಿನ್ ಕೊಟ್ಟರೆ ಬಯೋಎಫ್ ಕೆಟ್ಟ ತಳಿ, ಬಯೋಡಿಎ ಕೆಟ್ಟ ತಳಿ ಎರಡೂ ಬದುಕುತ್ತವೆ; ಆ ಕೊನೆಯ ಹೆಜ್ಜೆಯ ಬಯೋಬಿ ಕೆಟ್ಟ ತಳಿ ಬದುಕದು. ಈ ಪರೀಕ್ಷೆಯ ಪ್ಲೇಟಿಗೆ ಮಾತ್ರ ಅವಿಡಿನ್ ಬೇಡ: ಡೆಸ್ತಯೋಬಯೋಟಿನ್ನನ್ನೂ ಅದು ಹಿಡಿದುಬಿಡುತ್ತದೆ.