ಟಾನ್ಸಿಲ್ ಆಪರೇಷನ್ ಆಗಿ ಮನೆಗೆ ಬಂದ ಮೇಲೆ

ಮಕ್ಕಳಿಗೆ ಟಾನ್ಸಿಲ್ ತೆಗೆಸುವವರು ಒಂದು ವಿಷಯ ಮೊದಲೇ ತಿಳಿದುಕೊಂಡಿರಿ. ನೋವು ಮೊದಲ ದಿನಕ್ಕಿಂತ ಮೂರು-ನಾಲ್ಕನೇ ದಿನ ಜಾಸ್ತಿ ಆಗಬಹುದು. ಕಿವಿ ನೋವು ಅಂತಲೂ ಮಗು ಅಳಬಹುದು. ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ, ಹಾಗಾಗಿ ಗಂಟಲ ನೋವೇ ಅಲ್ಲಿ ಕಾಣಿಸುತ್ತದೆ. ಅಜ್ಜಿ ಹೇಳಿದರು ಅಂತ ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ!

ಗಂಟಲಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಬಾಯಿ ವಾಸನೆ ಬರುತ್ತದೆ. ಅದು ಕೀವಲ್ಲ, ಗಾಯ ಮಾಯುವ ಬಗೆಯೇ ಹಾಗೆ.

ದೊಡ್ಡ ಕೆಲಸ ಅಂದರೆ ನೀರು ಕುಡಿಸುವುದು. ಗಂಟಲು ಒಣಗಿದಷ್ಟೂ ನೋವು ಹೆಚ್ಚು, ನೋವು ಹೆಚ್ಚಿದಷ್ಟೂ ಮಗು ಕುಡಿಯಲ್ಲ. ಇದನ್ನು ತಪ್ಪಿಸಲು ಡಾಕ್ಟರ್ ಬರೆದ ನೋವಿನ ಔಷಧಿಯನ್ನು ಹೇಳಿದ ಹೊತ್ತಿಗೆ ಕೊಡಿ, ಅಳುವವರೆಗೆ ಕಾಯಬೇಡಿ. ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ಊಟ ಮಾಡಿಸಿದರೆ ಸುಲಭ. ಆಸ್ಪಿರಿನ್ ಮಾತ್ರ ಬೇಡ, ರಕ್ತ ಸೋರುವ ಅಪಾಯ ಇರುತ್ತದೆ.

ಆರಿದ ಗಂಜಿ, ರಾಗಿ ಅಂಬಲಿ, ಹಾಲಲ್ಲಿ ನೆನೆಸಿದ ಇಡ್ಲಿ, ಖಾರವಿಲ್ಲದ ಮೆತ್ತನೆ ಅನ್ನ ಸಾಕು. ಐಸ್‌ಕ್ರೀಮ್ ಕೂಡ ಕೊಡಬಹುದು, ಬೈಯಬೇಡಿ! ಚಕ್ಕುಲಿ, ನಿಪ್ಪಟ್ಟು, ಹುಳಿ ಹಣ್ಣಿನ ಜ್ಯೂಸ್ ಎರಡು ವಾರ ದೂರವಿರಲಿ. ಶಾಲೆ, ಓಟ, ಸೈಕಲ್ ಕೂಡ ಅಷ್ಟೇ.

ಸಾಮಾನ್ಯವಾಗಿ 5ರಿಂದ 10ನೇ ದಿನದೊಳಗೆ ಪೊರೆ ಉದುರುತ್ತದೆ. ಆಗ ಕಣ್ಣಿಟ್ಟಿರಿ. ಉಗುಳಿನಲ್ಲಿ ಕೆಂಪು ರಕ್ತ ಕಂಡರೆ, ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ. ನಿದ್ದೆಯಲ್ಲಿ ಮಗು ಪದೇ ಪದೇ ಗುಟುಕರಿಸುತ್ತಿದ್ದರೆ ಟಾರ್ಚ್ ಹಾಕಿ ಬಾಯೊಳಗೆ ನೋಡಿ, ರಕ್ತ ನುಂಗುತ್ತಿರಬಹುದು.