ಬೀದಿಯಲ್ಲಿ ಮಲಗುವವರ ಜೊತೆಯಾಗಿ ಕಚೇರಿಗೆ ಹೋಗುವ ಕ್ರಮ

ಮಂಗಳೂರಿನ ಸೆಂಟ್ರಲ್ ರೈಲು ನಿಲ್ದಾಣದ ಹೊರಗೆ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಸುತ್ತಲಿನ ಅಂಗಡಿ ಜಗಲಿಗಳಲ್ಲಿ ರಾತ್ರಿ ಮಲಗುವವರಿಗೆ ಊಟದ ಪೊಟ್ಟಣವನ್ನೋ ಕಂಬಳಿಯನ್ನೋ ಕೊಡುವವರು ನಮ್ಮೂರಲ್ಲಿ ಅನೇಕರಿದ್ದಾರೆ. ಅದು ಅಗತ್ಯವೇ. ಆದರೆ ಆ ಮನುಷ್ಯನಿಗೆ ಕಾನೂನಿನ ಪ್ರಕಾರ ಸಿಗಬೇಕಾದದ್ದು ಸಿಗುವ ತನಕ ಜೊತೆಗಿರುವವರು ಬಹಳ ಕಡಿಮೆ. ಈ ಕೆಲಸವನ್ನು ಒಂದು ಪದ್ಧತಿಯಾಗಿ ಬೆಳೆಸಿದವರಲ್ಲಿ ಜಪಾನಿನ ಲೇಖಕ, ಹೋರಾಟಗಾರ ಮಕೋಟೊ ಯುವಾಸಾ ಪ್ರಮುಖರು. ಅವರ ಕ್ರಮವನ್ನು ಇಲ್ಲಿ ಅನುಸರಿಸುವುದು ಹೇಗೆಂದು ತಿಳಿಸಲು ಈ ಬರಹ.

1969ರಲ್ಲಿ ಹುಟ್ಟಿದ ಯುವಾಸಾ 1995ರ ಸುಮಾರಿಗೆ ಟೋಕಿಯೊದ ಶಿಬುಯಾದಲ್ಲಿ ನಿರಾಶ್ರಿತರ ನಡುವೆ ಕೆಲಸ ಆರಂಭಿಸಿದರು. ಜಪಾನಿನಲ್ಲಿ ಬಡವರ ಜೀವನ ನಿರ್ವಹಣೆಗೆ ನೆರವು ನೀಡುವ ಕಾನೂನು 1950ರಿಂದಲೂ ಇದೆ. ಆದರೂ ಒಬ್ಬರೇ ಹೋದ ಬಡವರನ್ನು ಅರ್ಜಿಯನ್ನೇ ತೆಗೆದುಕೊಳ್ಳದೆ ವಾಪಸು ಕಳುಹಿಸುವ ಪರಿಪಾಠವೂ ಅಲ್ಲಿನ ಕಚೇರಿಗಳಲ್ಲಿತ್ತು. ಪಕ್ಕದಲ್ಲಿ ನಿಯಮ ಬಲ್ಲವರೊಬ್ಬರು ಕುಳಿತಾಗ ಅದೇ ಅರ್ಜಿ ಸ್ವೀಕಾರವಾಗುತ್ತಿತ್ತು. 2001ರಲ್ಲಿ ಸಂಗಾತಿಗಳೊಂದಿಗೆ ಕಟ್ಟಿದ ‘ಮೊಯಾಯ್’ ಸಂಸ್ಥೆಯ ಮೂಲಕ ಅವರು ಇಂತಹವರ ಜೊತೆಗೆ ಹೋದರು, ಬಾಡಿಗೆ ಮನೆಗೆ ಜಾಮೀನು ನಿಂತರು. 2008ರ ಡಿಸೆಂಬರ್ 31ರಿಂದ 2009ರ ಜನವರಿ 5ರವರೆಗೆ, ಕೆಲಸವನ್ನೂ ವಸತಿಯನ್ನೂ ಒಟ್ಟಿಗೇ ಕಳೆದುಕೊಂಡ ಸುಮಾರು 500 ಮಂದಿಗೆ ಹಿಬಿಯಾ ಉದ್ಯಾನದಲ್ಲಿ ಡೇರೆ ಹಾಕಿ ಊಟ, ಆಶ್ರಯ ಕೊಟ್ಟಾಗ ಯುವಾಸಾ ಅದರ ಮುಂದಾಳು. ಡೇರೆಗಳು ಸಾಲದಾದಾಗ ಎದುರಿನ ಆರೋಗ್ಯ ಮತ್ತು ಕಾರ್ಮಿಕ ಸಚಿವಾಲಯವೇ ತನ್ನ ಸಭಾಂಗಣವನ್ನು ತೆರೆಯಬೇಕಾಯಿತು. ಕೈಯಲ್ಲಿ ಹಣವಿಲ್ಲದಿರುವುದಷ್ಟೇ ಬಡತನವಲ್ಲ, ಆಪತ್ತಿಗೆ ಒದಗುವ ನೆಂಟರು, ಪರಿಚಯದವರು, ತನ್ನ ಮೇಲಿನ ನಂಬಿಕೆ ಎಲ್ಲವೂ ಬತ್ತಿಹೋದ ಸ್ಥಿತಿ ಅದು ಎಂದು ಅವರು ಬರೆದರು. ಜೊತೆಗೆ ಹೋಗುವವರು ತುಂಬಬೇಕಾದದ್ದು ಆ ಕೊರತೆಯನ್ನು.

ಮೊದಲು ಪರಿಚಯವಾಗಬೇಕು. ಅಂಗಡಿಗಳು ಬಾಗಿಲು ಹಾಕಿದ ಮೇಲೆ ಇಬ್ಬರು ಹೋಗಿ, ನಿಂತುಕೊಂಡು ಮಾತನಾಡದೆ ಅವರ ಸಮಕ್ಕೆ ಕುಳಿತುಕೊಳ್ಳಬೇಕು. ಇಲ್ಲಿಯವರಾದರೆ ‘ಒಣಸ್ ಆಂಡಾ?’ ಎಂದು ತುಳುವಿನಲ್ಲಿ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕೂಲಿಗೆ ಬಂದವರಾದರೆ ‘ಊಟ ಆತೇನ್ರಿ ಅಣ್ಣಾ?’ ಎಂದು ಮಾತು ತೆಗೆಯಬಹುದು. ಮನೆ ಬಿಟ್ಟದ್ದೇಕೆಂದು ಮೊದಲ ದಿನವೇ ಕೇಳಬಾರದು, ಫೋಟೋ ತೆಗೆಯಲೇಬಾರದು. ಏನು ಬೇಕೆಂಬುದನ್ನು ಅವರೇ ಹೇಳುವ ತನಕ ಯಾವ ಕಚೇರಿಗೂ ಹೊರಡಬಾರದು.

ಆದರೆ ಕಾಯಿಲೆಗೆ ಕಾಯುವಂತಿಲ್ಲ. ಕಾಲಿನ ಹುಣ್ಣು, ಬಿಡದ ಕೆಮ್ಮು, ಜ್ವರ ಕಂಡರೆ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋಗುವ ಮಾತು ತೆಗೆಯಿರಿ. ಏಳಲಾಗದ ಸ್ಥಿತಿಯಿದ್ದರೆ 108ಕ್ಕೆ ಕರೆ ಮಾಡಿ ಆಂಬ್ಯುಲೆನ್ಸಿನಲ್ಲಿ ನೀವೂ ಹೋಗಿ. ಮಾನಸಿಕ ಅಸ್ವಸ್ಥರಾಗಿ ಅಲೆಯುತ್ತಿರುವವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ತಲುಪಿಸುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೆಯ ಸೆಕ್ಷನ್ ಪೊಲೀಸರಿಗೆ ವಹಿಸಿದೆ. ಠಾಣೆಯಲ್ಲಿ ಈ ಸೆಕ್ಷನ್ನಿನ ಹೆಸರೆತ್ತಿಯೇ ಮಾತನಾಡಿ.

ವಸತಿಯ ವಿಷಯದಲ್ಲಿ ಎರಡನ್ನು ಬೇರೆಬೇರೆಯಾಗಿ ಕಾಣಬೇಕು. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ರಾತ್ರಿ ವಸತಿ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ನಗರ ವಸತಿರಹಿತರ ಆಶ್ರಯ ಕೇಂದ್ರದ ಮಾಹಿತಿಯನ್ನು ಮಹಾನಗರ ಪಾಲಿಕೆಯಲ್ಲಿ ಕೇಳಬೇಕು. ಪಚ್ಚನಾಡಿಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರವಾದರೋ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಗೆ ಸಂಬಂಧಿಸಿದ್ದು. ಹಗಲೆಲ್ಲ ದುಡಿದು ಜಗಲಿಯಲ್ಲಿ ಮಲಗುವ ಕೂಲಿಯವರು ಭಿಕ್ಷುಕರಲ್ಲ, ಅವರನ್ನು ಅಲ್ಲಿಗೆ ಕಳುಹಿಸಲು ನೆರವಾಗುವುದು ಅನ್ಯಾಯ.

ಹೆಚ್ಚು ಓಡಾಟ ಬೇಡುವುದು ದಾಖಲೆಗಳು. ಆಧಾರ್ ಕಳೆದುಹೋಗಿದ್ದರೆ ಹೊಸತಕ್ಕೆ ಅರ್ಜಿ ಹಾಕಬೇಡಿ. ಆಧಾರ್ ಕೇಂದ್ರದಲ್ಲಿ ಬೆರಳಚ್ಚಿನಿಂದ ಹಳೆಯ ಸಂಖ್ಯೆಯನ್ನೇ ಹುಡುಕಿಸಬಹುದು. ಸಿಮೆಂಟು, ಕೆಂಪುಕಲ್ಲು ಹೊತ್ತವರ ಬೆರಳ ಗೆರೆಗಳು ಸವೆದಿರುತ್ತವೆ, ಯಂತ್ರ ಮತ್ತೆ ಮತ್ತೆ ತಿರಸ್ಕರಿಸುತ್ತದೆ; ಆಗ ಸಪ್ಪೆ ಮೋರೆ ಹಾಕಿ ಎದ್ದುಬರದೆ ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡಿಸಿ ಎಂದು ನೀವು ಕೇಳಬೇಕು. ಹೊಸದಾಗಿ ಮಾಡಿಸುವವರಿಗೆ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರ ನೆರವಾಗುತ್ತದೆ. ಮತದಾರರ ಪಟ್ಟಿಗೆ ಸೇರಲು ಮನೆಯ ವಿಳಾಸದ ದಾಖಲೆಯೇ ಬೇಡ: ನಮೂನೆ 6ರಲ್ಲಿ ಮಲಗುವ ಜಾಗವನ್ನು ಬರೆದರೆ, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೇ ಬಂದು ನೋಡಬೇಕೆಂಬುದು ಚುನಾವಣಾ ಆಯೋಗದ ನಿಯಮ. ಇದು ಮನೆಯಿಲ್ಲದವರಿಗೆ ನಮ್ಮ ವ್ಯವಸ್ಥೆ ಕೊಟ್ಟಿರುವ ಅತ್ಯಂತ ಗೌರವದ ಸವಲತ್ತೆಂದು ನಾನು ಭಾವಿಸುತ್ತೇನೆ. ಅದನ್ನು ಬಳಸಿದವರು ತೀರಾ ಕಡಿಮೆ. ಸಿಕ್ಕಿದ ಪ್ರತಿ ಕಾಗದದ ಜೆರಾಕ್ಸ್ ನಿಮ್ಮಲ್ಲಿರಲಿ, ಮೂಲಪ್ರತಿ ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಅವರಲ್ಲಿರಲಿ. ಜೂನ್ ತಿಂಗಳ ಇಲ್ಲಿನ ಮಳೆಗೆ ಒಂದೇ ಚೀಲ ಸಾಲದು.

ಕಚೇರಿಯಲ್ಲಿ ಮಾತನಾಡಬೇಕಾದವರು ಅವರು, ನೀವಲ್ಲ. ಗುಮಾಸ್ತರು ನಿಮ್ಮ ಮುಖ ನೋಡಿ ಪ್ರಶ್ನೆ ಕೇಳಿದರೂ ‘ಅವರನ್ನೇ ಕೇಳಿ ಸರ್’ ಎಂದು ವಿನಯದಿಂದ ಹೇಳಿ. 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿಯಂಥ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಟ್ಟಾಗ ಗೊತ್ತುಪಡಿಸಿದ ಅವಧಿಯೊಳಗೆ ಸರಕಾರಿ ಸೇವೆ ಕೊಡುವ ‘ಸಕಾಲ’ ವ್ಯವಸ್ಥೆಯ ಸ್ವೀಕೃತಿ ಸಂಖ್ಯೆಯನ್ನು ಪಡೆಯದೆ ಹೊರಬರಬೇಡಿ. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎಂದರೆ, ಅದನ್ನು ಕಾರಣಸಹಿತ ಬರೆದುಕೊಡಿ ಎಂದು ಕೇಳಿ. ಅದೂ ಆಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, 15100 ಸಹಾಯವಾಣಿಯಿದೆ.

ದುಡಿಮೆಯಿದ್ದೂ ಕೋಣೆ ಸಿಗದಿರುವುದಕ್ಕೆ ಮುಖ್ಯ ಕಾರಣ, ಅಡ್ವಾನ್ಸ್ ಹಣವೂ ‘ನನಗೆ ಗೊತ್ತಿರುವವರು’ ಎನ್ನುವ ಮನುಷ್ಯನೂ ಇಲ್ಲದಿರುವುದು. ಆರೇಳು ಗೆಳೆಯರು ಕೂಡಿ ಒಂದು ನಿಧಿ ಇಟ್ಟುಕೊಂಡು, ಎಷ್ಟು ತಿಂಗಳ ಬಾಡಿಗೆಗೆ ಹೊಣೆ ಎಂಬುದನ್ನು ಸ್ಪಷ್ಟವಾಗಿ ಬರೆದುಕೊಟ್ಟರೆ ಮನೆ ಮಾಲೀಕರು ಒಪ್ಪುವ ಸಾಧ್ಯತೆ ಹೆಚ್ಚು. ಭರಿಸಲಾಗದ ಮೊತ್ತಕ್ಕೆ ಸಹಿ ಹಾಕಬೇಡಿ. ಕೋಣೆ ಸಿಕ್ಕಿದವರು ಒಂಟಿತನದಿಂದ ಮತ್ತೆ ಬೀದಿಗೆ ಮರಳುವುದುಂಟು. ಮೊಯಾಯ್‌ನವರು ಇದಕ್ಕಾಗಿಯೇ ಜನ ಬಂದು ಕುಳಿತು ಕಾಫಿ ಕುಡಿದು ಹೋಗುವ ಒಂದು ಜಾಗವನ್ನು ನಡೆಸಿದರು. ನೀವೂ ವಾರಕ್ಕೊಂದು ದಿನ ಗೊತ್ತು ಮಾಡಿ ಅವರ ಕೋಣೆಗೆ ಹೋಗಿ, ಬಾಡಿಗೆ ಕಟ್ಟಿದ್ದಾರೆಯೇ, ಔಷಧಿ ಮುಗಿದಿದೆಯೇ ಎಂದು ವಿಚಾರಿಸಿ, ಒಂದು ಲೋಟ ಚಾ ಕುಡಿದು ಬನ್ನಿ.