ಫುಟ್‌ಬಾಲ್ ಆತಿಥ್ಯದಿಂದ ನಗರಕ್ಕೆ ಉಳಿದದ್ದೆಷ್ಟು? ಲೆಕ್ಕ ಹಾಕುವ ಬಗೆ

ದೊಡ್ಡ ಫುಟ್‌ಬಾಲ್ ಪಂದ್ಯಾವಳಿಯೊಂದರ ಆತಿಥ್ಯ ನಗರಕ್ಕೆ ಸಿಕ್ಕಿತೆಂದರೆ, ಚೆಂಡು ಉರುಳುವುದಕ್ಕೆ ವರ್ಷಗಳ ಮೊದಲೇ ಒಂದು ದೊಡ್ಡ ಮೊತ್ತ ಪ್ರಕಟವಾಗುತ್ತದೆ. ಇಷ್ಟು ಸಾವಿರ ಕೋಟಿಯ ವಹಿವಾಟು, ಇಷ್ಟು ಸಾವಿರ ಉದ್ಯೋಗ, ಇಷ್ಟು ಲಕ್ಷ ಪ್ರವಾಸಿಗರು ಎಂದು ಸಂಘಟಕರು ಹೇಳುತ್ತಾರೆ. ಪಂದ್ಯಾವಳಿ ಮುಗಿದ ಮೇಲೆ ಆ ಮಾತು ಎಷ್ಟರ ಮಟ್ಟಿಗೆ ನಿಜವಾಯಿತೆಂದು ವಿಚಾರಿಸುವವರು ವಿರಳ. ಹಾಗೆ ವಿಚಾರಿಸಲು ಅರ್ಥಶಾಸ್ತ್ರದ ಪದವಿಯೇನೂ ಬೇಕಿಲ್ಲ. ವಹಿವಾಟು ಬೇರೆ, ಗಳಿಕೆ ಬೇರೆ ಎಂಬ ಎಚ್ಚರವಿದ್ದು, ಕೆಲವು ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಿದರೆ ಯಾವ ಓದುಗರಾದರೂ ಈ ಲೆಕ್ಕವನ್ನು ಪರಿಶೀಲಿಸಬಹುದು. 2010ರ ವಿಶ್ವಕಪ್‌ನ 8 ಪಂದ್ಯಗಳಿಗೆ ಆತಿಥ್ಯ ನೀಡಿದ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರವನ್ನು ಮುಂದಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಯಾರ ಖಾತೆಯ ಲೆಕ್ಕ ಎಂದು ನಿಶ್ಚಯಿಸಿಕೊಳ್ಳಿ

ವಿಶ್ವಕಪ್‌ನಲ್ಲಿ ಕನಿಷ್ಠ ಮೂರು ಖಾತೆಗಳಿರುತ್ತವೆ: ಜಾಗತಿಕ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಫಿಫಾದ್ದು, ದೇಶದ್ದು, ನಗರದ್ದು. ಟಿ.ವಿ. ಪ್ರಸಾರದ ಹಕ್ಕು ಮತ್ತು ಜಾಗತಿಕ ಪ್ರಾಯೋಜಕತ್ವ, ಅಂದರೆ ಅತಿ ಹೆಚ್ಚು ಹಣ ತರುವ ಬಾಬ್ತುಗಳು, ಫಿಫಾದ ಖಾತೆಗೆ ಸೇರುತ್ತವೆ. 2007ರಿಂದ 2010ರವರೆಗಿನ ನಾಲ್ಕು ವರ್ಷಗಳಲ್ಲಿ ಫಿಫಾದ ಆದಾಯ 418 ಕೋಟಿ ಡಾಲರ್ ದಾಟಿತ್ತು. ಅದರ ಬಹುಪಾಲಿಗೆ ವಿಶ್ವಕಪ್ಪೇ ಮೂಲ. ಆತಿಥೇಯ ದೇಶ ಫಿಫಾಕ್ಕೆ ತೆರಿಗೆ ವಿನಾಯಿತಿಯನ್ನೂ ಕೊಡಬೇಕಾಗುತ್ತದೆ. ಭದ್ರತೆ, ಸಾರಿಗೆ, ಸ್ವಚ್ಛತೆ ಮತ್ತು ಕ್ರೀಡಾಂಗಣದ ನಂತರದ ನಿರ್ವಹಣೆಯಂತಹ ಖರ್ಚಿನ ಬಾಬ್ತುಗಳು ಮಾತ್ರ ಸ್ಥಳೀಯ ಆಡಳಿತದ ಹೆಗಲೇರುತ್ತವೆ.

ಆದ್ದರಿಂದ ಯಾವುದೇ ವರದಿಯಲ್ಲಿ 'ಪಂದ್ಯಾವಳಿಯ ಗಳಿಕೆ' ಎಂಬ ಮಾತು ಕಂಡರೆ, ಅದು ಈ ಮೂರರಲ್ಲಿ ಯಾವ ಖಾತೆಯ ಗಳಿಕೆ ಎಂದು ಮೊದಲು ಕೇಳಬೇಕು. 2026ರ ವಿಶ್ವಕಪ್‌ಗಾಗಿ ನಗರಗಳ ಆಯ್ಕೆ ನಡೆಯುತ್ತಿದ್ದಾಗ, 2018ರಲ್ಲಿ ಶಿಕಾಗೊ ನಗರ ಹಿಂದೆ ಸರಿಯಿತು. ತೆರಿಗೆದಾರರ ಮೇಲೆ ಬೀಳಬಹುದಾದ ಹೊರೆಗೆ ಮಿತಿಯೇ ಇಲ್ಲವೆಂಬುದು ಅದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಒಪ್ಪಂದವನ್ನು ಸಹಿ ಹಾಕುವ ಮೊದಲೇ ಓದಿದ ನಗರಗಳು ಕಡಿಮೆಯಾದ್ದರಿಂದ ಈ ಉದಾಹರಣೆಯನ್ನು ನೆನಪಿಡುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಖರ್ಚನ್ನು ಪೂರ್ತಿಯಾಗಿ ಬರೆಯಿರಿ

ಕೇಪ್ ಟೌನ್‌ನಲ್ಲಿ ಆಗಲೇ ಎರಡು ದೊಡ್ಡ ಕ್ರೀಡಾಂಗಣಗಳಿದ್ದವು. ನ್ಯೂಲ್ಯಾಂಡ್ಸ್ ರಗ್ಬಿಯ ಹಳೆಯ ಮನೆ. ಆತ್ಲೋನ್ ಕ್ರೀಡಾಂಗಣ ಇರುವುದು, ವರ್ಣಭೇದ ನೀತಿಯ ಕಾಲದಲ್ಲಿ ನಗರದ ನಡುವಿನಿಂದ ಹೊರದಬ್ಬಲ್ಪಟ್ಟ ಜನರು ನೆಲೆನಿಂತ ಕೇಪ್ ಫ್ಲಾಟ್ಸ್ ಪ್ರದೇಶದಲ್ಲಿ. ಇವುಗಳಲ್ಲೊಂದನ್ನು ಮೇಲ್ದರ್ಜೆಗೇರಿಸುವ ಆಲೋಚನೆ ಆರಂಭದಲ್ಲಿ ಇದ್ದರೂ, ಕೊನೆಗೆ ಸಿಗ್ನಲ್ ಹಿಲ್ ಮತ್ತು ಅಟ್ಲಾಂಟಿಕ್ ಸಾಗರದ ನಡುವಿನ ಗ್ರೀನ್ ಪಾಯಿಂಟ್‌ನಲ್ಲಿ ಹೊಸ ಕ್ರೀಡಾಂಗಣ ಕಟ್ಟುವುದೆಂದು ತೀರ್ಮಾನವಾಯಿತು. ಟಿ.ವಿ. ಪರದೆಯಲ್ಲಿ ಟೇಬಲ್ ಮೌಂಟನ್ ಬೆಟ್ಟವೂ ಸಮುದ್ರವೂ ಒಟ್ಟಿಗೆ ಕಾಣುತ್ತವೆ ಎಂಬುದು ಈ ಸ್ಥಳದ ಪರವಾಗಿದ್ದ ಬಲವಾದ ವಾದಗಳಲ್ಲಿ ಒಂದಾಗಿತ್ತು. ನನ್ನ ದೃಷ್ಟಿಯಲ್ಲಿ ಕೇಪ್ ಟೌನ್‌ನ ಲಾಭ ನಷ್ಟದ ಹೆಚ್ಚಿನ ಭಾಗ ಈ ಒಂದೇ ತೀರ್ಮಾನದಲ್ಲಿ ನಿಶ್ಚಯವಾಗಿಬಿಟ್ಟಿತು. ಅನಂತರ ನಡೆದದ್ದೆಲ್ಲ ಅದರ ಪರಿಣಾಮ.

2007ರ ಮಾರ್ಚ್‌ನಲ್ಲಿ ಆರಂಭವಾದ ಕಾಮಗಾರಿ 2009ರ ಡಿಸೆಂಬರ್ ಹೊತ್ತಿಗೆ ಮುಗಿಯಿತು. ವೆಚ್ಚ, ದಕ್ಷಿಣ ಆಫ್ರಿಕಾದ ಕರೆನ್ಸಿಯಲ್ಲಿ, ಸುಮಾರು 440 ಕೋಟಿ ರ‍್ಯಾಂಡ್. ಬಹುಪಾಲನ್ನು ರಾಷ್ಟ್ರೀಯ ಸರ್ಕಾರ ಭರಿಸಿತು, ಉಳಿದದ್ದನ್ನು ನಗರ ಮತ್ತು ಪ್ರಾಂತ್ಯ ಹಂಚಿಕೊಂಡವು. ಗಡುವು ಜಗತ್ತಿಗೆಲ್ಲ ಗೊತ್ತಿರುವಾಗ ಗುತ್ತಿಗೆದಾರರೊಂದಿಗೆ ಚೌಕಾಸಿ ಮಾಡುವ ಶಕ್ತಿ ಸರ್ಕಾರಕ್ಕೆ ಉಳಿಯುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ವಿಶ್ವಕಪ್ ಕ್ರೀಡಾಂಗಣಗಳೂ ಸೇರಿದಂತೆ ಅನೇಕ ಕಾಮಗಾರಿಗಳ ಟೆಂಡರ್‌ಗಳಲ್ಲಿ ಒಳಒಪ್ಪಂದ ಮಾಡಿಕೊಂಡದ್ದಕ್ಕಾಗಿ ದಕ್ಷಿಣ ಆಫ್ರಿಕಾದ ಸ್ಪರ್ಧಾ ಆಯೋಗವು 2013ರಲ್ಲಿ 15 ನಿರ್ಮಾಣ ಕಂಪನಿಗಳಿಗೆ ಒಟ್ಟು 146 ಕೋಟಿ ರ‍್ಯಾಂಡ್ ದಂಡ ವಿಧಿಸಿತು. ಇನ್ನೊಂದೆಡೆ, ಕ್ರೀಡಾಂಗಣಗಳನ್ನು ಕಟ್ಟುತ್ತಿದ್ದ ಕಾರ್ಮಿಕರು ಶೇ 12ರ ವೇತನ ಹೆಚ್ಚಳ ಪಡೆಯಲು 2009ರ ಜುಲೈನಲ್ಲಿ ದೇಶವ್ಯಾಪಿ ಮುಷ್ಕರ ಹೂಡಬೇಕಾಯಿತು.

ಖರ್ಚಿನ ಮೊತ್ತ ಸಿಕ್ಕಿದ ಮೇಲೆ ಅದನ್ನು ಕಣ್ಣಿಗೆ ಕಾಣುವ ಅಳತೆಗೆ ಇಳಿಸಿ. ಆ 8 ಪಂದ್ಯಗಳನ್ನು ಗ್ರೀನ್ ಪಾಯಿಂಟ್‌ನಲ್ಲಿ ಕುಳಿತು ನೋಡಿದವರು ಸುಮಾರು 5 ಲಕ್ಷ. 440 ಕೋಟಿಯನ್ನು 5 ಲಕ್ಷದಿಂದ ಭಾಗಿಸಿದರೆ ತಲಾ 8,800 ರ‍್ಯಾಂಡ್ ಆಗುತ್ತದೆ. ದಕ್ಷಿಣ ಆಫ್ರಿಕಾದ ನಿವಾಸಿಗಳಿಗೆಂದು ಇಟ್ಟಿದ್ದ ಅತಿ ಅಗ್ಗದ ಟಿಕೆಟ್‌ನ ಬೆಲೆ 140 ರ‍್ಯಾಂಡ್. ಕ್ರೀಡಾಂಗಣ ಆಮೇಲೂ ಬಳಕೆಯಲ್ಲಿ ಉಳಿಯುವುದರಿಂದ ಇಡೀ ವೆಚ್ಚವನ್ನು ಆ ಒಂದು ತಿಂಗಳ ತಲೆಗೇ ಕಟ್ಟುವುದು ನ್ಯಾಯವಲ್ಲ, ನಿಜ. ಹಾಗಾದರೆ ಉಳಿದ ವರ್ಷಗಳು ಅದರಲ್ಲಿ ಎಷ್ಟನ್ನು ಹೊತ್ತವು ಎಂಬುದು ಕೊನೆಯ ಹೆಜ್ಜೆಯಲ್ಲಿ ಬರುವ ಪ್ರಶ್ನೆ.

ಮೂರನೆಯ ಹೆಜ್ಜೆ: ಬಂದವರಲ್ಲಿ ಹೊಸಬರು ಯಾರು?

ಪ್ರವಾಸಿಗರ ಅಂದಾಜು ಪಂದ್ಯಾವಳಿ ಹತ್ತಿರವಾದಂತೆ ಕುಗ್ಗುವುದು ಸಾಮಾನ್ಯ. ದಕ್ಷಿಣ ಆಫ್ರಿಕಾಕ್ಕೆ 4,83,000 ವಿದೇಶಿಯರು ಬರುತ್ತಾರೆಂದು ಸಲಹಾ ಸಂಸ್ಥೆಯೊಂದು ಮೊದಲು ಹೇಳಿತ್ತು. 2010ರಲ್ಲಿ ಅದೇ ಸಂಸ್ಥೆ ಆ ಸಂಖ್ಯೆಯನ್ನು 3,73,000ಕ್ಕೆ ಇಳಿಸಿತು. ವಿಶ್ವಕಪ್‌ಗಾಗಿಯೇ ಬಂದವರು 3,09,554 ಎಂದು ದೇಶದ ಪ್ರವಾಸೋದ್ಯಮ ಸಂಸ್ಥೆ ಕೊನೆಯಲ್ಲಿ ಲೆಕ್ಕ ಕೊಟ್ಟಿತು. ಅವರು ಖರ್ಚು ಮಾಡಿದ್ದು 364 ಕೋಟಿ ರ‍್ಯಾಂಡ್, ಅಂದರೆ ತಲಾ 11,800 ರ‍್ಯಾಂಡ್‌ನಷ್ಟು. ಇಡೀ ದೇಶದಲ್ಲಿ ವಿದೇಶಿ ಅಭಿಮಾನಿಗಳು ಚೆಲ್ಲಿದ ಹಣ ಕೇಪ್ ಟೌನ್‌ನ ಒಂದು ಕ್ರೀಡಾಂಗಣದ ವೆಚ್ಚಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸಿ.

ಈ ಹೋಲಿಕೆಯ ನಂತರವೂ ಕಳೆಯಬೇಕಾದದ್ದು ಇದೆ. ಸ್ಥಳೀಯರೊಬ್ಬರು ಟಿಕೆಟ್ ಕೊಂಡರೆ ಅದು ನಗರಕ್ಕೆ ಬಂದ ಹೊಸ ಹಣವಲ್ಲ. ಆ ವಾರ ಸಿನಿಮಾಕ್ಕೋ ಹೋಟೆಲ್‌ಗೋ ಹೋಗಬಹುದಾಗಿದ್ದ ಹಣ ದಾರಿ ಬದಲಿಸಿದ್ದು ಮಾತ್ರ. ಡಿಸೆಂಬರ್‌ನಲ್ಲಿ ಬರಬೇಕೆಂದಿದ್ದವರು ಜೂನ್‌ನಲ್ಲಿ ಬಂದು ಹೋದರೆ ಡಿಸೆಂಬರ್‌ನ ಲೆಕ್ಕದಿಂದ ಅಷ್ಟನ್ನು ಕಳೆಯಬೇಕು. ಜನಜಂಗುಳಿ ಮತ್ತು ದುಬಾರಿ ದರಕ್ಕೆ ಹೆದರಿ ಬರದೇ ಉಳಿದ ಮಾಮೂಲಿ ಪ್ರವಾಸಿಗರನ್ನೂ ಕಳೆಯಬೇಕು. ಈ ಕೊನೆಯ ಬಾಬ್ತಿನಲ್ಲಿ ಕೇಪ್ ಟೌನ್‌ಗೆ ಒಂದು ಅನುಕೂಲವಿತ್ತು. ಜೂನ್ ಮತ್ತು ಜುಲೈ ಅಲ್ಲಿ ಮಳೆ ಸುರಿಯುವ ಚಳಿಗಾಲ. ಹೋಟೆಲ್‌ಗಳು ಹೇಗೂ ಖಾಲಿ ಇರುವ ಹೊತ್ತು. ಬೇಸಿಗೆಯ ಪ್ರವಾಸದ ಸುಗ್ಗಿಯಲ್ಲಿ ಪಂದ್ಯಾವಳಿ ನಡೆಸುವ ಯುರೋಪಿನ ನಗರಕ್ಕೆ ಈ ಅನುಕೂಲ ಇರುವುದಿಲ್ಲ. ಆದರೂ ಫಿಫಾದ ಪರವಾಗಿ ಹೋಟೆಲ್ ಕೋಣೆಗಳನ್ನು ಕಾದಿರಿಸಿದ್ದ ಸಂಸ್ಥೆಯು ಅವುಗಳಲ್ಲಿ ದೊಡ್ಡ ಪಾಲನ್ನು ಪಂದ್ಯಾವಳಿಗೆ ಮುನ್ನ ಹಿಂದಿರುಗಿಸಿದ್ದರಿಂದ, ಅದನ್ನು ನಂಬಿ ಸಿದ್ಧತೆ ಮಾಡಿಕೊಂಡಿದ್ದವರು ತೊಂದರೆಗೆ ಸಿಲುಕಿದರು.

ನಾಲ್ಕನೆಯ ಹೆಜ್ಜೆ: ಊರಲ್ಲಿ ನಿಂತ ಹಣ, ಊರು ದಾಟಿದ ಹಣ

ಒಬ್ಬ ಅಭಿಮಾನಿಯ ಹಣವನ್ನು ಹಿಂಬಾಲಿಸಿ ನೋಡಿದರೆ ಈ ಹೆಜ್ಜೆ ಸುಲಭವಾಗಿ ಅರ್ಥವಾಗುತ್ತದೆ. ಯುರೋಪಿನಿಂದ ಬಂದ ಆತ ವಿದೇಶಿ ವಿಮಾನದಲ್ಲಿ ಬಂದಿದ್ದರೆ ಆ ಹಣ ಕೇಪ್ ಟೌನ್ ತಲುಪಲೇ ಇಲ್ಲ. ಕ್ರೀಡಾಂಗಣದ ಒಳಗೆ ಆತ ಕೊಂಡ ಬಿಯರ್ ಫಿಫಾದ ಅಧಿಕೃತ ಪ್ರಾಯೋಜಕ ಬ್ರ್ಯಾಂಡ್ ಆದ ಬಡ್‌ವೈಸರ್. ತಂಗಿದ್ದು ಅಂತರರಾಷ್ಟ್ರೀಯ ಹೋಟೆಲ್ ಸರಪಳಿಯಲ್ಲಾದರೆ, ಏರಿದ ಬಾಡಿಗೆಯ ಹೆಚ್ಚುವರಿ ಹಣ ಮಾಲೀಕರಿರುವ ದೇಶಕ್ಕೆ ಹೋಗುತ್ತದೆ. ಕೋಣೆಯ ಬಾಡಿಗೆ ದುಪ್ಪಟ್ಟಾದ ಮಾತ್ರಕ್ಕೆ ಅದನ್ನು ಗುಡಿಸಿ ಒರೆಸುವವರ ಸಂಬಳ ದುಪ್ಪಟ್ಟಾಗುವುದಿಲ್ಲ. ಲಾಂಗ್ ಸ್ಟ್ರೀಟ್‌ನ ಸಣ್ಣ ಹೋಟೆಲೊಂದರಲ್ಲಿ ಆತ ಮಾಡಿದ ಊಟ ಮತ್ತು ಮಿನಿಬಸ್ ಟ್ಯಾಕ್ಸಿಗೆ ಕೊಟ್ಟ ಬಾಡಿಗೆ ಮಾತ್ರ ಹೆಚ್ಚಿನ ಮಟ್ಟಿಗೆ ಊರಿನಲ್ಲಿ ಉಳಿದವು.

ಊರಿನಲ್ಲಿ ಉಳಿದ ಹಣ ಕೈಯಿಂದ ಕೈಗೆ ದಾಟುತ್ತ ಇನ್ನಷ್ಟು ವಹಿವಾಟು ಹುಟ್ಟಿಸುತ್ತದೆ. ಇದನ್ನೇ ಗುಣಕ ಪರಿಣಾಮ ಎನ್ನುತ್ತಾರೆ. ವಿವರಣೆಗಾಗಿ, 1,000 ರ‍್ಯಾಂಡ್ ಖರ್ಚಿನಲ್ಲಿ 400 ಮಾತ್ರ ಊರಲ್ಲಿ ನಿಂತಿತೆಂದೂ, ಮುಂದಿನ ಪ್ರತಿ ಸುತ್ತಿನಲ್ಲೂ ಶೇ 40ರಷ್ಟೇ ಉಳಿಯುತ್ತದೆಂದೂ ಇಟ್ಟುಕೊಳ್ಳೋಣ. 400, 160, 64 ಎಂದು ಕೂಡಿಸುತ್ತ ಹೋದರೆ ಒಟ್ಟು 667ರ ಹತ್ತಿರ ನಿಲ್ಲುತ್ತದೆ. ಸೋರಿಕೆಯನ್ನು ಗಣನೆಗೇ ತೆಗೆದುಕೊಳ್ಳದೆ ಇಡೀ 1,000ವನ್ನು ಎರಡರಿಂದ ಗುಣಿಸಿದ ವರದಿ 2,000 ಎಂದು ಹೇಳುತ್ತದೆ. ಒಬ್ಬನೇ ಅಭಿಮಾನಿ, ಒಂದೇ ಖರ್ಚು. ಆದರೂ ಉತ್ತರದಲ್ಲಿ ಮೂರು ಪಟ್ಟು ವ್ಯತ್ಯಾಸ. ವರದಿಯ ಅನುಬಂಧದಲ್ಲಿ ಗುಣಕ ಎಷ್ಟೆಂದು ಹುಡುಕಿ. ಅದನ್ನು ಹೇಳದ ವರದಿಯನ್ನು ಬದಿಗಿಡುವುದೇ ಲೇಸು.

ಊರಿನಲ್ಲಿ ಉಳಿಯುವ ಹಣವನ್ನು ಹಿಡಿದಿಡುವವರು ಬೀದಿಬದಿಯ ವ್ಯಾಪಾರಿಗಳು. ಆದರೆ ಕ್ರೀಡಾಂಗಣ ಮತ್ತು ಅಭಿಮಾನಿ ಕೂಟಗಳ (ದೊಡ್ಡ ಪರದೆಯಲ್ಲಿ ಒಟ್ಟಾಗಿ ಪಂದ್ಯ ನೋಡುವ ಜಾಗಗಳ) ಸುತ್ತ ಪ್ರಾಯೋಜಕರ ಹಿತ ಕಾಯಲು ನಿರ್ಬಂಧಿತ ವಲಯಗಳನ್ನು ಗುರುತಿಸಿದ್ದರಿಂದ, ಕೇಪ್ ಟೌನ್‌ನ ಗ್ರ್ಯಾಂಡ್ ಪರೇಡ್ ಎಂಬ ಬಯಲಿನಲ್ಲಿ ಹಿಂದಿನಿಂದ ವ್ಯಾಪಾರ ಮಾಡುತ್ತಿದ್ದವರು ಅಭಿಮಾನಿ ಕೂಟಕ್ಕೆ ಜಾಗ ಬಿಟ್ಟುಕೊಡಬೇಕಾಯಿತು. ವರ್ಷವಿಡೀ ಹಣ್ಣು, ಬಟ್ಟೆ, ಚಹಾ ಮಾರುವ ಜಾಗದಲ್ಲಿ ಜನಸಾಗರ ನೆರೆದಾಗಲೇ ಮಾರುವ ಹಕ್ಕು ಇಲ್ಲವಾಗುವುದು ಕೇವಲ ಅನ್ಯಾಯದ ಸಂಗತಿಯಲ್ಲ; ಸೋರಿಕೆ ತಡೆಯಬಲ್ಲ ಮುಖ್ಯ ದಾರಿಯನ್ನೇ ನಗರ ತಾನಾಗಿ ಮುಚ್ಚಿಕೊಂಡಂತೆ.

ಐದನೆಯ ಹೆಜ್ಜೆ: ಪಂದ್ಯಾವಳಿ ಬಾರದೇ ಇದ್ದಿದ್ದರೆ?

ಆತಿಥ್ಯದ ವರ್ಷದಲ್ಲಿ ನಗರದ ಆದಾಯ ಏರಿತು ಎಂಬುದಷ್ಟೇ ಏನನ್ನೂ ಸಾಬೀತು ಮಾಡುವುದಿಲ್ಲ. ಆತಿಥ್ಯವಿಲ್ಲದಿದ್ದರೂ ಅದು ಏರುತ್ತಿತ್ತೇನೋ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಬೇಡ್ ಮತ್ತು ವಿಕ್ಟರ್ ಮ್ಯಾಥೆಸನ್ 1994ರ ವಿಶ್ವಕಪ್ ನಡೆದ ನಗರಗಳ ಹಿಂದಿನ ಬೆಳವಣಿಗೆಯ ಗತಿಯನ್ನು ಅಭ್ಯಸಿಸಿ, ಸಹಜವಾಗಿ ಎಷ್ಟು ಬೆಳೆಯಬೇಕಿತ್ತೆಂದು ಅಂದಾಜು ಮಾಡಿ, ನಿಜವಾಗಿ ಆದ ಬೆಳವಣಿಗೆಯೊಂದಿಗೆ ಹೋಲಿಸಿದರು. ಸಂಘಟಕರು 400 ಕೋಟಿ ಡಾಲರ್ ಗಳಿಕೆ ಹೇಳಿದ್ದರೆ, ಇವರ ಲೆಕ್ಕದಲ್ಲಿ ಆತಿಥೇಯ ನಗರಗಳು ಒಟ್ಟಾಗಿ 550ರಿಂದ 930 ಕೋಟಿ ಡಾಲರ್‌ಗಳಷ್ಟು ಹಿಂದೆ ಬಿದ್ದಿದ್ದವು. ಆ ದೊಡ್ಡ ಕೊರತೆಗೆಲ್ಲ ಫುಟ್‌ಬಾಲ್ ಒಂದೇ ಕಾರಣವೆಂದು ಹೇಳಲಾಗದು. ಆದರೆ ಹೇಳಲಾದ ಗಳಿಕೆ ನಗರಗಳ ಅಂಕಿಅಂಶಗಳಲ್ಲಿ ಎಲ್ಲೂ ಕಾಣಿಸಲಿಲ್ಲವೆಂಬುದು ಸ್ಪಷ್ಟ.

ಆರನೆಯ ಹೆಜ್ಜೆ: ಹತ್ತು ವರ್ಷ ಕಳೆದ ಮೇಲೆ ಮತ್ತೆ ಲೆಕ್ಕ ನೋಡಿ

ಗ್ರೀನ್ ಪಾಯಿಂಟ್ ಕ್ರೀಡಾಂಗಣವನ್ನು 30 ವರ್ಷ ನಡೆಸಲು ಮುಂದೆ ಬಂದಿದ್ದ ಖಾಸಗಿ ಒಕ್ಕೂಟ, ಪಂದ್ಯಾವಳಿ ಮುಗಿದು ಮೂರು ತಿಂಗಳಾಗುವಷ್ಟರಲ್ಲಿ, 2010ರ ಅಕ್ಟೋಬರ್‌ನಲ್ಲಿ, ಇದು ಲಾಭದ ಬಾಬಲ್ಲವೆಂದು ಹಿಂದೆ ಸರಿಯಿತು. ನಿರ್ವಹಣೆ ನಗರದ ಪಾಲಿಗೆ ಬಂದು, ವರ್ಷ ವರ್ಷವೂ ಬೊಕ್ಕಸದಿಂದ ಕೋಟಿಗಟ್ಟಲೆ ರ‍್ಯಾಂಡ್ ತುಂಬಬೇಕಾಯಿತು. ರಗ್ಬಿ ತಂಡ ಸ್ಟಾರ್ಮರ್ಸ್ ನ್ಯೂಲ್ಯಾಂಡ್ಸ್ ಬಿಟ್ಟು ಅಲ್ಲಿಗೆ ಬಂದದ್ದು 2021ರಲ್ಲಿ, ಅಂದರೆ ವಿಶ್ವಕಪ್ ಮುಗಿದು 11 ವರ್ಷಗಳ ಮೇಲೆ. ಜಮೆಯ ಬದಿಯಲ್ಲಿ ಬರೆಯಬೇಕಾದದ್ದೂ ಇದೆ: ವಿಶ್ವಕಪ್‌ನ ಗಡುವಿನಿಂದ ಚುರುಕುಗೊಂಡ ಮೈಸಿಟಿ ಬಸ್ ಸೇವೆ, ನವೀಕರಿಸಿದ ರೈಲು ನಿಲ್ದಾಣ, ಕ್ರೀಡಾಂಗಣದ ಪಕ್ಕದ ಸಾರ್ವಜನಿಕ ಉದ್ಯಾನ. ಇವುಗಳನ್ನು ಜನ ದಿನವೂ ಬಳಸುತ್ತಾರೆ. ಇವಕ್ಕೆ ವಿಶ್ವಕಪ್ ಬೇಕೇಬೇಕಿತ್ತೇ ಎಂದರೆ ಬೇಕಿರಲಿಲ್ಲ. ಆದರೆ ವಿಶ್ವಕಪ್ ಇಲ್ಲದಿದ್ದರೆ ಇಷ್ಟು ಬೇಗ ಹಣ ಮಂಜೂರಾಗುತ್ತಿರಲಿಲ್ಲ ಎಂಬುದೂ ನಿಜವಿರಬಹುದು.

ಕೇಪ್ ಟೌನ್ ದೊಡ್ಡ ಪ್ರವಾಸಿ ನಗರವಾದ್ದರಿಂದ ಕೊನೆಗಾದರೂ ಬಾಡಿಗೆದಾರರು ಸಿಕ್ಕರು. ಬ್ರೆಜಿಲ್‌ನ ಅಮೆಜಾನ್ ಕಾಡಿನ ನಡುವಿನ ಮನಾಸ್ ನಗರ 2014ರಲ್ಲಿ ಕೇವಲ 4 ಪಂದ್ಯಗಳಿಗಾಗಿ ಸುಮಾರು 44,000 ಆಸನಗಳ ಕ್ರೀಡಾಂಗಣ ಕಟ್ಟಿತು. ಆಗ ಅಲ್ಲಿನ ಯಾವ ತಂಡವೂ ದೇಶದ ಮೇಲಿನ ಎರಡು ಶ್ರೇಣಿಗಳ ಲೀಗ್‌ನಲ್ಲಿ ಇರಲಿಲ್ಲ. ಅಷ್ಟು ಆಸನಗಳನ್ನು ತುಂಬುವ ಪಂದ್ಯಗಳೇ ಊರಿನಲ್ಲಿ ಇಲ್ಲವೆಂಬುದು ಅಡಿಪಾಯ ಹಾಕುವ ದಿನವೇ ತಿಳಿದಿದ್ದ ಸಂಗತಿ.

ನಮ್ಮ ಊರಿಗೆ ಈ ಕ್ರಮ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಜೂನ್ 21ರಿಂದ ಜುಲೈ 4ರವರೆಗೆ ದಕ್ಷಿಣ ಏಷ್ಯಾದ ದೇಶಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸ್ಯಾಫ್ ಚಾಂಪಿಯನ್‌ಷಿಪ್ ನಡೆಯಿತು. ಅತಿಥಿಗಳಾಗಿ ಬಂದ ಕುವೈತ್ ಮತ್ತು ಲೆಬನಾನ್ ಸೇರಿ 8 ತಂಡಗಳು, 15 ಪಂದ್ಯಗಳು. ಫೈನಲ್‌ನಲ್ಲಿ ಭಾರತ ಪೆನಾಲ್ಟಿ ಶೂಟೌಟ್‌ನಲ್ಲಿ ಕುವೈತ್ ತಂಡವನ್ನು ಮಣಿಸಿತು. ಮೇಲಿನ ಹೆಜ್ಜೆಗಳನ್ನು ಇದಕ್ಕೆ ಅನ್ವಯಿಸಿದರೆ, ಎರಡನೆಯ ಹೆಜ್ಜೆಯ ಅತಿ ದೊಡ್ಡ ಬಾಬ್ತಾದ ಹೊಸ ಕ್ರೀಡಾಂಗಣದ ವೆಚ್ಚವೇ ಇಲ್ಲಿಲ್ಲ. ಗ್ಯಾಲರಿಯಲ್ಲಿ ಕುಳಿತವರಲ್ಲಿ ಬೆಂಗಳೂರಿನವರೇ ಹೆಚ್ಚಾಗಿದ್ದರೆ ಮೂರನೆಯ ಹೆಜ್ಜೆಯ ಹೊಸ ಹಣವೂ ಕಡಿಮೆಯೇ. ಇಂತಹ ಪಂದ್ಯಾವಳಿಯನ್ನು ಆಟದ ಪ್ರೀತಿಗಾಗಿ ನಡೆಸಬೇಕು, ನಡೆಸಲು ಹೆಚ್ಚೇನೂ ತೆರಬೇಕಾಗಿಲ್ಲ. ಮುಂದೆ ಇದಕ್ಕಿಂತ ದೊಡ್ಡ ಕೂಟವೊಂದರ ಪ್ರಸ್ತಾವ ಬಂದಾಗ ಆತಿಥ್ಯದ ಒಪ್ಪಂದದ ಪ್ರತಿ, ಕಾಮಗಾರಿಯ ಅಂದಾಜು, ಪ್ರವಾಸಿಗರ ಸಂಖ್ಯೆಗೆ ಆಧಾರ ಮತ್ತು ನಂತರದ ಹತ್ತು ವರ್ಷಗಳ ನಿರ್ವಹಣಾ ಯೋಜನೆ, ಈ ನಾಲ್ಕನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಸಂಬಂಧಪಟ್ಟ ಇಲಾಖೆಯಿಂದ ಕೇಳಿ ಪಡೆಯಬಹುದು. ಕೇಳುವುದಾದರೆ ಸಹಿ ಬೀಳುವ ಮೊದಲೇ ಕೇಳಬೇಕು.